ತೂಕ ಇಳಿಸುವ ಚುಚ್ಚುಮದ್ದು: ಹಣ ಕೊಡುವವರು ಯಾರು?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಈಗ ಒಂದು ಹೊಸ ಮಾತು ಕೇಳಿಬರುತ್ತಿದೆ. "ವಾರಕ್ಕೊಂದು ಚುಚ್ಚುಮದ್ದು ಹಾಕಿಸಿಕೊಂಡರೆ ಸಾಕಂತೆ, ಹಸಿವೇ ಆಗುವುದಿಲ್ಲವಂತೆ, ತೂಕ ತಾನಾಗಿಯೇ ಇಳಿಯುತ್ತದಂತೆ." ಮದುವೆಗೆ ಮೊದಲು ಮಗಳ ತೂಕ ಇಳಿಸಬೇಕೆನ್ನುವ ತಾಯಿ, ದುಬೈಯಿಂದ ತಮ್ಮ ಕಳುಹಿಸಿದ ಪೆನ್ನನ್ನು ಫ್ರಿಜ್ಜಿನಲ್ಲಿಟ್ಟುಕೊಂಡು ಕೇಳುವ ಅಕ್ಕ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಅಂಗಡಿಯ ಯಜಮಾನರು, ಎಲ್ಲರೂ ಕೇಳುವುದು ಒಂದೇ: "ಇದು ಕೆಲಸ ಮಾಡುತ್ತದೆಯೇ?" ಎಷ್ಟು ವರ್ಷ ತೆಗೆದುಕೊಳ್ಳಬೇಕು, ಎಷ್ಟು ಹಣ ಬೇಕು, ಆ ಹಣವನ್ನು ಕೊಡುವವರು ಯಾರು ಎಂದು ಕೇಳುವವರು ಬಹಳ ಕಡಿಮೆ. ಈ ಲೇಖನ ಆ ಎರಡನೆಯ ಪ್ರಶ್ನೆಯ ಕುರಿತು.

ಮೊದಲೇ ಒಂದು ಮಾತು. ನಾನು ಯುನಾನಿ ವೈದ್ಯ. ಈ ಚುಚ್ಚುಮದ್ದನ್ನು ಬರೆದುಕೊಡುವುದು ನನ್ನ ಕೆಲಸವಲ್ಲ, ಅದು ಹಾರ್ಮೋನು ತಜ್ಞರ ಮತ್ತು ಎಂ.ಡಿ. ಫಿಸಿಷಿಯನ್‌ಗಳ ಕೆಲಸ. ಆದುದರಿಂದ ಇದನ್ನು ಹೊಗಳಿ ನನಗೆ ಆಗಬೇಕಾದ್ದೇನೂ ಇಲ್ಲ. ಇದನ್ನು ಹಳಿದು ನನ್ನ ಚೂರ್ಣವನ್ನು ಮಾರುವ ಉದ್ದೇಶವೂ ಇಲ್ಲ. ಆದರೆ ಇದನ್ನು ಹಾಕಿಸಿಕೊಳ್ಳುವವರು, ಹಣ ಸಾಲದೆ ಅರ್ಧಕ್ಕೆ ಬಿಟ್ಟವರು ನಮ್ಮಂಥವರ ದವಾಖಾನೆಗೂ ಬರುತ್ತಾರೆ. ಅವರ ಮನೆಯ ಲೆಕ್ಕವೇ ನನ್ನನ್ನು ಬರೆಯಲು ಕೂರಿಸಿದೆ.

ಔಷಧದ ಶಕ್ತಿ, ಔಷಧದ ಮಿತಿ

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಇನ್ಸುಲಿನ್ ಸ್ರವಿಸಲು ನೆರವಾಗುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ, 'ಇನ್ನು ಸಾಕು' ಎಂದು ಮೆದುಳಿಗೆ ತಿಳಿಸುತ್ತದೆ. ಸೆಮಾಗ್ಲುಟೈಡ್ ಎಂಬ ಔಷಧ ಈ ಹಾರ್ಮೋನಿನ ಕೆಲಸವನ್ನೇ ಮಾಡುತ್ತದೆ. ಒಜೆಂಪಿಕ್, ವೆಗೋವಿ ಎಂಬ ಹೆಸರುಗಳಲ್ಲಿ ಬರುವುದು ಇದೇ. ಮೌಂಜಾರೋ ಎಂಬ ಹೆಸರಿನ ಟಿರ್ಜೆಪಟೈಡ್, ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ಪರಿಣಾಮ ಸುಳ್ಳಲ್ಲ. ದೊಡ್ಡ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರು 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಕಳೆದುಕೊಂಡರು. ಟಿರ್ಜೆಪಟೈಡ್‌ನ ದೊಡ್ಡ ಡೋಸಿನಲ್ಲಿ 72 ವಾರಗಳಿಗೆ ಸುಮಾರು ಶೇ 20ರಷ್ಟು ಇಳಿಯಿತು. ಹೃದಯ ಕಾಯಿಲೆ ಮತ್ತು ಅಧಿಕ ತೂಕ ಇದ್ದು, ಸಕ್ಕರೆ ಕಾಯಿಲೆ ಇಲ್ಲದ 17 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಕಾಯಿಲೆಯ ಸಾವುಗಳು ಒಟ್ಟಾರೆ ಶೇ 20ರಷ್ಟು ಕಡಿಮೆಯಾಗಿದ್ದವು. ಇಂಥ ಔಷಧವನ್ನು 'ಶ್ರೀಮಂತರ ಶೋಕಿ' ಎಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಇನ್ನೊಂದು ಸತ್ಯವನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ಅಂದರೆ ಇದು ಜ್ವರದ ಮಾತ್ರೆಯಂತೆ ಐದು ದಿನ ತೆಗೆದುಕೊಂಡು ಬಿಡುವಂಥದ್ದಲ್ಲ. ರಕ್ತದೊತ್ತಡದ ಮಾತ್ರೆಯಂತೆ ಬಹುಕಾಲ ಮುಂದುವರಿಸಬೇಕಾದದ್ದು. ನಾಲ್ಕು ತಿಂಗಳ ಹಣ ಹೊಂದಿಸಿ ಆರಂಭಿಸಿದವರು ಐದನೇ ತಿಂಗಳಿಗೆ ನಿಲ್ಲಿಸಿದರೆ ತೂಕ ನಿಧಾನವಾಗಿ ಮರಳುತ್ತದೆ, ಹಣ ಮರಳುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಮೌಂಜಾರೋ ಭಾರತಕ್ಕೆ ಬಂದದ್ದು 2025ರ ಮಾರ್ಚ್ 20ರಂದು. ಆಗ 2.5 ಮಿಲಿಗ್ರಾಂನ ಒಂದು ಬಾಟಲಿಗೆ 3,500 ರೂ., 5 ಮಿಲಿಗ್ರಾಂಗೆ 4,375 ರೂ. ಬಾಟಲಿಯೊಂದು ಒಂದು ವಾರಕ್ಕೆ. 5 ಮಿಲಿಗ್ರಾಂ ಡೋಸಿನಲ್ಲೇ ಉಳಿದರೂ 52 ವಾರಗಳಿಗೆ 2,27,500 ರೂಪಾಯಿ! ಅದೇ ವರ್ಷ ಜೂನ್‌ನಲ್ಲಿ ಬಂದ ವೆಗೋವಿಯ ಆರಂಭದ ಡೋಸಿಗೆ ತಿಂಗಳಿಗೆ 17,345 ರೂ. ಇತ್ತು. ನವೆಂಬರ್‌ನಲ್ಲಿ ಕಂಪನಿ ದರವನ್ನು ಶೇ 37ರವರೆಗೆ ಇಳಿಸಿದ ಮೇಲೆ ಅದು 10,850 ರೂ. ಆಯಿತು. ಡೋಸು ಏರಿದಂತೆ ದರವೂ ಏರುತ್ತದೆ. ಡಿಸೆಂಬರ್‌ನಲ್ಲಿ ಸಕ್ಕರೆ ಕಾಯಿಲೆಯವರಿಗಾಗಿ ಬಂದ ಒಜೆಂಪಿಕ್‌ನ ಆರಂಭದ ಡೋಸಿಗೆ ಆಗ ವಾರಕ್ಕೆ 2,200 ರೂ., ತಿಂಗಳಿಗೆ 8,800 ರೂ. ಇತ್ತು.

ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್ 2026ರ ಮಾರ್ಚ್‌ವರೆಗಿನದು. ಅದು ಮುಗಿದ ಮೇಲೆ ನಮ್ಮ ದೇಶದ ಕಂಪನಿಗಳು ತಮ್ಮ ಹೆಸರಿನಲ್ಲಿ ಇದನ್ನು ಮಾರಬಹುದು, ಸ್ಪರ್ಧೆಯಿಂದ ದರ ಇಳಿಯುತ್ತದೆ. ಇದು ಒಳ್ಳೆಯದೇ. ಆದರೆ ದರ ಅರ್ಧಕ್ಕಿಂತ ಕೆಳಗೆ ಇಳಿದರೂ, ತಿಂಗಳಿಗೆ ನಾಲ್ಕೈದು ಸಾವಿರವನ್ನು ವರ್ಷಗಟ್ಟಲೆ ಕೊಡುವುದು ಮೀನು ವ್ಯಾಪಾರ, ರಿಕ್ಷಾ, ಸಣ್ಣ ಅಂಗಡಿಯನ್ನು ನಂಬಿದ ಮನೆಗೆ ಸುಲಭವಲ್ಲ.

ಔಷಧದ ದರವೊಂದೇ ಖರ್ಚೂ ಅಲ್ಲ. ಆರಂಭಿಸುವ ಮೊದಲು ಮತ್ತು ನಡುನಡುವೆ ಮೂರು ತಿಂಗಳ ಸಕ್ಕರೆಯ ಸರಾಸರಿ, ಮೂತ್ರಪಿಂಡ, ಯಕೃತ್ತು, ಕೊಲೆಸ್ಟ್ರಾಲ್ ಪರೀಕ್ಷೆ ಬೇಕು. ವಾಂತಿ, ವಾಕರಿಕೆ, ಮಲಬದ್ಧತೆ ಸಾಮಾನ್ಯ. ಕೆಲವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗುತ್ತದೆ. ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತವಾಗಿ ಆಸ್ಪತ್ರೆಗೆ ಸೇರಬೇಕಾಗುತ್ತದೆ. ತಜ್ಞರನ್ನು ಕಾಣಲು ನಮ್ಮವರು ಹೆದ್ದಾರಿ 66ರಲ್ಲಿ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾದದ್ದು ಆಗಲೇ. ದೊಡ್ಡ ನಗರದವರಿಗೆ 'ಫಾಲೋ ಅಪ್' ಎಂದರೆ ಅರ್ಧ ಗಂಟೆಯ ಕೆಲಸ. ಕುಮಟಾದವರಿಗೆ ಅದು ಒಂದು ದಿನದ ದುಡಿಮೆ, ಜೊತೆಗೆ ಬರುವವರ ದುಡಿಮೆ, ಬಸ್ಸು ಅಥವಾ ಕಾರಿನ ಖರ್ಚು.

ಕಾರ್ಡು ಕೊಡುತ್ತದೆಯೇ? ಪಾಲಿಸಿ ಕೊಡುತ್ತದೆಯೇ?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಇದಕ್ಕೆ ನಾವು ಪ್ರೀಮಿಯಂ ಕಟ್ಟಬೇಕಿಲ್ಲ. ಆದರೆ ಇದು ಆಸ್ಪತ್ರೆಯ ಚಿಕಿತ್ಸೆಗಾಗಿ ಇರುವ ಯೋಜನೆ. ಮೆಡಿಕಲ್ ಶಾಪಿನಲ್ಲಿ ಪ್ರತಿ ತಿಂಗಳು ಕೊಳ್ಳುವ ಚುಚ್ಚುಮದ್ದಿಗೆ ಇಲ್ಲಿ ಹಣವಿಲ್ಲ.

ಖಾಸಗಿ ಪಾಲಿಸಿಯ ಕಥೆಯೂ ಹೆಚ್ಚು ಭಿನ್ನವಲ್ಲ. ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗ ಮಾತ್ರ ಕೊಡುತ್ತವೆ. ದಾಖಲಾಗುವ ಮುಂಚಿನ ಮತ್ತು ಬಿಡುಗಡೆಯ ನಂತರದ ಕೆಲವು ದಿನಗಳ ಔಷಧವೂ ಸೇರುತ್ತದೆ, ಅಷ್ಟೇ. ಹೊರರೋಗಿ ಚಿಕಿತ್ಸೆಯ ಸೌಲಭ್ಯ ಬೇಕಾದರೆ ಹೆಚ್ಚು ಪ್ರೀಮಿಯಂ ಕಟ್ಟಬೇಕು, ಅದರ ಮಿತಿಯೂ ಚಿಕ್ಕದು. ಇದಲ್ಲದೆ ವಿಮಾ ನಿಯಂತ್ರಣ ಪ್ರಾಧಿಕಾರದ ಮಾದರಿ ನಿಯಮಗಳಲ್ಲಿ ಬೊಜ್ಜು ಮತ್ತು ತೂಕ ನಿಯಂತ್ರಣಕ್ಕೆಂದೇ ಒಂದು ಹೊರಗಿಡುವ ಷರತ್ತಿದೆ. ನಿಮ್ಮ ಪಾಲಿಸಿ ಪುಸ್ತಿಕೆಯಲ್ಲಿ 'ಎಕ್ಸ್‌ಕ್ಲೂಷನ್ 06' ಎಂದು ಹುಡುಕಿ. ಅದರಲ್ಲಿ ಕೊಟ್ಟಿರುವ ವಿನಾಯಿತಿ ಶಸ್ತ್ರಚಿಕಿತ್ಸೆಗೆ ಮಾತ್ರ. ವೈದ್ಯರ ಸಲಹೆ ಇರಬೇಕು, ವಯಸ್ಸು 18 ದಾಟಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಥವಾ ಬಿಎಂಐ 35 ಇದ್ದು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದಯ ಕಾಯಿಲೆ, ನಿದ್ರೆಯಲ್ಲಿ ಉಸಿರುಗಟ್ಟುವ ತೀವ್ರ ತೊಂದರೆಯಂಥದ್ದು ಇದ್ದು, ಬೇರೆ ದಾರಿಗಳು ಫಲಿಸದೆ ಹೋಗಿರಬೇಕು.

ಅಂದರೆ ಹೊಟ್ಟೆ ಕೊಯ್ಯುವ ಹಂತಕ್ಕೆ ಬಂದವರಿಗೆ ಹಣ ಉಂಟು, ಆ ಹಂತಕ್ಕೆ ಬಾರದಂತೆ ತಡೆಯುವ ಔಷಧಕ್ಕೆ ಇಲ್ಲ. ಸ್ಟೆಂಟಿಗೆ ಉಂಟು, ಸ್ಟೆಂಟ್ ಬೇಡವಾಗಿಸುವುದಕ್ಕೆ ಇಲ್ಲ. ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇದು. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನರೇ ಜೇಬಿನಿಂದ ಕೊಟ್ಟಿದ್ದಾರೆ. ತಿಂಗಳ ಔಷಧದ ಚೀಟಿಗಳು ಅದರ ದೊಡ್ಡ ಪಾಲು.

ಹಾಗಾದರೆ ವಿಮೆ ಎಲ್ಲರಿಗೂ ಕೊಡಬೇಕೇ?

ಇಲ್ಲಿ ಆತುರದ ಉತ್ತರ ಬೇಡ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಸರಕಾರಿ ನೌಕರರ ಮತ್ತು ಶಿಕ್ಷಕರ ಆರೋಗ್ಯ ಯೋಜನೆ ತೂಕ ಇಳಿಸಲು ಈ ಔಷಧಗಳಿಗೆ ಹಣ ಕೊಡುತ್ತಿತ್ತು. 2023ರಲ್ಲಿ ಅದಕ್ಕೆಂದೇ 10 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 800 ಕೋಟಿ ರೂಪಾಯಿ ಖರ್ಚಾಯಿತು. ಕೊನೆಗೆ 2024ರ ಏಪ್ರಿಲ್ 1ರಿಂದ ಅದನ್ನು ನಿಲ್ಲಿಸಿಬಿಟ್ಟರು. ಎಲ್ಲರಿಗೂ ತೆರೆದ ಬಾಗಿಲು ನಿಜವಾಗಿ ಬೇಕಾದವರಿಗೂ ಮುಚ್ಚಿಹೋಯಿತು.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆ 2025ರ ಜೂನ್‌ನಿಂದ ಟಿರ್ಜೆಪಟೈಡ್ ಕೊಡಲಾರಂಭಿಸಿತು. ಆದರೆ ಮೊದಲ ವರ್ಷ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದು ಅದಕ್ಕೆ ಸಂಬಂಧಿಸಿದ ಕನಿಷ್ಠ ನಾಲ್ಕು ಕಾಯಿಲೆಗಳಿರುವವರಿಗೆ ಮಾತ್ರ. ನಮ್ಮಂಥ ಏಷ್ಯಾದವರಿಗೆ ಆ ಮಿತಿ ಸ್ವಲ್ಪ ಕಡಿಮೆ. ಮೂರು ವರ್ಷಗಳಲ್ಲಿ ಸುಮಾರು 2.2 ಲಕ್ಷ ಜನರಿಗೆ ಕೊಡುವ ಗುರಿ. ಹೆಚ್ಚು ಕಾಯಿಲೆಯವರು ಮೊದಲು, ಉಳಿದವರು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಸೆಪ್ಟೆಂಬರ್‌ನಲ್ಲಿ ಈ ಗುಂಪಿನ ಔಷಧಗಳನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು ಸಕ್ಕರೆ ಕಾಯಿಲೆಯ ಜೊತೆ ಬೊಜ್ಜು ಮತ್ತು ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗಾಗಿ.

ನನ್ನ ಅಭಿಪ್ರಾಯ ಇದೇ ದಾರಿಯದು. ದೇಶದಲ್ಲಿ 10.1 ಕೋಟಿ ಸಕ್ಕರೆ ರೋಗಿಗಳಿದ್ದಾರೆ, 35 ಕೋಟಿ ಜನರಿಗೆ ಹೊಟ್ಟೆಯ ಬೊಜ್ಜಿದೆ ಎಂದು ಐಸಿಎಂಆರ್‌ನ 2023ರ ಅಧ್ಯಯನ ಅಂದಾಜಿಸಿದೆ. ನಮ್ಮ ರಾಜ್ಯದಲ್ಲಿ ಹತ್ತು ಮಂದಿ ವಯಸ್ಕರಲ್ಲಿ ಮೂವರ ತೂಕ ಹೆಚ್ಚಿದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇವರೆಲ್ಲರಿಗೂ ಚುಚ್ಚುಮದ್ದು ಕೊಡಿಸಲು ಯಾವ ಸರಕಾರಕ್ಕೂ, ಯಾವ ವಿಮಾ ಕಂಪನಿಗೂ ಸಾಧ್ಯವಿಲ್ಲ. ಪ್ರಯತ್ನಿಸಿದರೆ ಎಲ್ಲರ ಪ್ರೀಮಿಯಂ ಏರುತ್ತದೆ, ಅದನ್ನು ಕಟ್ಟಲಾಗದ ಬಡವರು ವಿಮೆಯಿಂದಲೇ ಹೊರಬೀಳುತ್ತಾರೆ. ಆದರೆ ಸಕ್ಕರೆ ಕಾಯಿಲೆ, ಬೊಜ್ಜು ಎರಡೂ ಇದ್ದು ಹೃದಯ ಅಥವಾ ಮೂತ್ರಪಿಂಡ ಕೆಡಲಾರಂಭಿಸಿದವರಿಗೆ ಸರಕಾರಿ ಆಸ್ಪತ್ರೆಯ ಸಕ್ಕರೆ ಕಾಯಿಲೆ ಕ್ಲಿನಿಕ್ಕಿನಲ್ಲಿ ಇದು ಸಿಗಬೇಕು. ದೇಶೀ ಕಂಪನಿಗಳ ಔಷಧ ಬಂದು ದರ ಇಳಿದರೆ ಇದು ದೊಡ್ಡ ಕೇಳಿಕೆಯಲ್ಲ. ವಿಮಾ ಕಂಪನಿಗಳೂ ಇಂಥ ರೋಗಿಗಳ ಮಟ್ಟಿಗೆ ಆ ಷರತ್ತನ್ನು ಸಡಿಲಿಸಬೇಕು. ನಮ್ಮ ಜಮಾಅತ್‌ಗಳು ಶಾಸಕರ ಮುಂದೆ, ಸರಕಾರದ ಮುಂದೆ ಆಸ್ಪತ್ರೆಯ ಬೇಡಿಕೆ ಇಡುವಾಗ ಈ ಮಾತನ್ನೂ ಸೇರಿಸಲಿ.

ಕೊಲ್ಲಿಯಿಂದ ಮರಳುವವರ ಪಾಡು

ಭಟ್ಕಳದ ಮನೆಗಳಿಗೆ ಇದರಲ್ಲಿ ಇನ್ನೊಂದು ಗಂಟಿದೆ. ದುಬೈಯಲ್ಲಿ ನೌಕರರಿಗೆ ಆರೋಗ್ಯ ವಿಮೆ ಕೊಡುವುದು ಮಾಲೀಕರ ಕಡ್ಡಾಯ ಹೊಣೆ. 2025ರ ಜನವರಿ 1ರಿಂದ ಯುಎಇಯ ಉತ್ತರದ ಎಮಿರೇಟ್‌ಗಳಿಗೂ ಅದು ಅನ್ವಯವಾಯಿತು. ಹೀಗಾಗಿ ಅಲ್ಲಿರುವವರೆಗೆ ವಿಮೆಯ ಚಿಂತೆಯೇ ಇರುವುದಿಲ್ಲ. ಆದರೆ ಆ ವಿಮೆ ಕೆಲಸದ ಜೊತೆಗೆ ಮುಗಿಯುತ್ತದೆ. ಐವತ್ತೈದರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಮೂರನ್ನೂ ಹೊತ್ತು ಊರಿಗೆ ಬರುವವರ ಕೈಯಲ್ಲಿ ಭಾರತದ ಒಂದು ಪಾಲಿಸಿಯೂ ಇರುವುದಿಲ್ಲ. ಆಗ ಕೊಂಡರೆ, ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷ ಕಾಯಬೇಕಾಗಬಹುದು. ಬಿಎಂಐ ನೋಡಿ ಪ್ರೀಮಿಯಂ ಏರಿಸುವುದೂ ಉಂಟು.

ಹಾಗಾಗಿ ಅಲ್ಲಿರುವ ತಮ್ಮಂದಿರಿಗೆ, ಮಕ್ಕಳಿಗೆ ನಾನು ಹೇಳುವುದು: ಇನ್ನೂ ದುಡಿಯುತ್ತಿರುವಾಗಲೇ, ಆರೋಗ್ಯವಾಗಿರುವಾಗಲೇ ಇಲ್ಲಿ ಪಾಲಿಸಿ ಮಾಡಿಸಿ. ಕಾಯುವ ಅವಧಿ ನೀವು ಅಲ್ಲಿರುವಾಗಲೇ ಮುಗಿದುಹೋಗುತ್ತದೆ. 2024ರ ಏಪ್ರಿಲ್‌ನಿಂದ ಪಾಲಿಸಿ ಕೊಳ್ಳಲು ವಯಸ್ಸಿನ ಮೇಲ್ಮಿತಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿಯೂ ಇಲ್ಲ. ಯುವ ದಂಪತಿ ಮತ್ತು ಇಬ್ಬರು ಮಕ್ಕಳ 5 ಲಕ್ಷದ ಪಾಲಿಸಿಗೆ ಒಂದು ವರ್ಷಕ್ಕೆ ಬೇಕಾಗುವ ಹಣ, ಮೌಂಜಾರೋದ ಎರಡು-ಮೂರು ತಿಂಗಳ ಹಣದೊಳಗೆ ಬರುತ್ತದೆ.

ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ತೂಕ, ಸಕ್ಕರೆ, ಈಗಾಗಲೇ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಅದು, ಎಲ್ಲವನ್ನೂ ಬರೆಯಿರಿ. ಏಜೆಂಟರು 'ಬೇಡ' ಎಂದರೂ ಬರೆಯಿರಿ. ಸುಳ್ಳು ಹೇಳುವುದು ನಮಗೆ ಒಪ್ಪುವ ಮಾತಲ್ಲ, ಮೇಲಾಗಿ ಆಸ್ಪತ್ರೆಯ ಹಾಸಿಗೆಯಲ್ಲಿರುವಾಗ ಕ್ಲೇಮು ತಿರಸ್ಕಾರವಾದರೆ ಕುಟುಂಬವೇ ಕುಸಿಯುತ್ತದೆ. ಚುಚ್ಚುಮದ್ದಿನಿಂದ ಪಿತ್ತಕೋಶದ ಕಲ್ಲಿನಂಥ ತೊಂದರೆಯಾದರೆ ಹಣ ಕೊಡುತ್ತೀರಾ ಎಂದು ಕಂಪನಿಯನ್ನು ಲಿಖಿತವಾಗಿ ಕೇಳಿ ಉತ್ತರವನ್ನು ಇಟ್ಟುಕೊಳ್ಳಿ.

ವಿಮೆ ಎಂದರೆ ಬಡ್ಡಿ, ಅನಿಶ್ಚಿತತೆಯ ಕಾರಣಕ್ಕೆ ಹಿಂಜರಿಯುವ ಮನೆಗಳೂ ನಮ್ಮಲ್ಲಿ ಬಹಳ. ಅದರ ತೀರ್ಪು ಉಲಮಾಗಳದ್ದು, ನನ್ನದಲ್ಲ. ನೀವು ನಂಬುವ ಆಲಿಮರಲ್ಲಿ ಕೇಳಿಕೊಳ್ಳಿ. ಕೇಳಿದ ಮೇಲೆ ಬೇಡವೆಂದಾದರೆ, ಅದೇ ಹಣವನ್ನು ಪ್ರತಿ ತಿಂಗಳು ಆಸ್ಪತ್ರೆಗೆಂದೇ ಬೇರೆ ಖಾತೆಯಲ್ಲಿ ತೆಗೆದಿಡಿ. ವಿಮೆಯೂ ಇಲ್ಲ, ಉಳಿತಾಯವೂ ಇಲ್ಲ, ಫ್ರಿಜ್ಜಿನಲ್ಲಿ ಮಾತ್ರ ಹದಿನೈದು ಸಾವಿರದ ಪೆನ್ನು ಎಂಬ ಸ್ಥಿತಿ ಬರಬಾರದು.

ಲಗೇಜಿನಲ್ಲಿ ಬರುವ ಪೆನ್ನುಗಳ ಬಗ್ಗೆಯೂ ಎಚ್ಚರ. ಬಳಸುವ ಮೊದಲು ಇವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ನಕಲಿ ಸೆಮಾಗ್ಲುಟೈಡ್ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲೇ ಎಚ್ಚರಿಸಿದೆ. ಒಬ್ಬರ ಪೆನ್ನನ್ನು, ಸೂಜಿ ಬದಲಿಸಿದರೂ, ಇನ್ನೊಬ್ಬರು ಬಳಸಬಾರದು. ಮದುವೆಗೆ ಮೊದಲು ಮಗಳಿಗೆ ಕೊಡಿಸುವ ತಾಯಂದಿರು ಇದನ್ನು ಗಮನಿಸಿ: ಗರ್ಭಿಣಿಯಾಗಲು ಬಯಸುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಹೊಸದಾಗಿ ಮದುವೆಯಾಗುವ ಹುಡುಗಿಗೆ ಇದು ಹೇಳಿಮಾಡಿಸಿದ ಔಷಧವಲ್ಲ.

ನಮ್ಮ ಪದ್ಧತಿ ಏನು ಹೇಳುತ್ತದೆ?

ಯುನಾನಿಯಲ್ಲಿ ಅತಿ ಬೊಜ್ಜಿಗೆ 'ಸಿಮನೆ ಮುಫ್ರಿತ್' ಎಂಬ ಹೆಸರಿದೆ. ಅದನ್ನು ನಮ್ಮ ಹಕೀಮರು ರೋಗವೆಂದೇ ಕಂಡರು, ಸೋಮಾರಿತನದ ಶಿಕ್ಷೆ ಎಂದಲ್ಲ. ದಪ್ಪಗಿರುವ ಹೆಣ್ಣುಮಗಳನ್ನು ಹಂಗಿಸುವವರು ಇದನ್ನು ನೆನಪಿಡಲಿ. ಗಾಳಿ, ಆಹಾರ-ನೀರು, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ರೆ-ಎಚ್ಚರ, ವಿಸರ್ಜನೆ ಎಂಬ ಆರು ಅಂಶಗಳನ್ನು ಸರಿಪಡಿಸದೆ ಔಷಧವೊಂದೇ ಫಲಿಸದು ಎಂಬುದು ನಮ್ಮ ಪದ್ಧತಿಯ ಬುನಾದಿ.

ಇದಕ್ಕೆ ಇಂದಿನ ಪುರಾವೆಯೂ ಇದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ತೂಕದಲ್ಲಿ ಶೇ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವ ಗುರಿಯಿಟ್ಟುಕೊಂಡಾಗ ಕಾಯಿಲೆ ಬರುವ ಸಾಧ್ಯತೆ ಶೇ 58ರಷ್ಟು ತಗ್ಗಿತು ಎಂದು ಅಮೆರಿಕದ ಪ್ರಯೋಗವೊಂದು 2002ರಲ್ಲಿ ತೋರಿಸಿತು. ಚೆನ್ನೈಯಲ್ಲಿ ನಮ್ಮವರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಆಹಾರ-ನಡಿಗೆಯಿಂದ ಶೇ 28ರಷ್ಟು ಇಳಿಕೆ ಕಂಡಿತು. 80 ಕಿಲೋ ಇರುವವರು ಐದಾರು ಕಿಲೋ ಇಳಿಸಿದರೂ ಲಾಭವುಂಟು ಎಂದರ್ಥ. ಜಾಲಿ, ಕಾಸರಕೋಡು, ಕುಮಟಾದ ಕಡಲತೀರಗಳಲ್ಲಿ ನಡೆಯಲು ಯಾರಿಗೂ ಹಣ ಕೊಡಬೇಕಿಲ್ಲ. ಹೆಂಗಸರು ಒಬ್ಬೊಬ್ಬರೇ ಹೋಗಲು ಮುಜುಗರಪಟ್ಟರೆ ನೆರೆಯ ನಾಲ್ಕು ಮಂದಿ ಸೇರಿ ಹೋಗಲಿ, ಇಲ್ಲವೇ ಮಹಡಿಯ ಮೇಲೆ ನಡೆಯಲಿ. ದಾವತ್ತಿನಲ್ಲಿ ಬಿರಿಯಾನಿ ಒಂದೇ ಸಲ ಬಡಿಸಿಕೊಳ್ಳೋಣ, ಷರಬತ್ತಿನ ಬದಲು ನೀರು ಕುಡಿಯೋಣ.

ಹಾಗೆಂದು ಬೊಜ್ಜಿಗೆ ನಮ್ಮ ಪದ್ಧತಿಯ ಹೆಸರಿನಲ್ಲಿ ಬರುವ ಎಲ್ಲವನ್ನೂ ನಂಬಬೇಡಿ. 'ಹದಿನೈದು ದಿನದಲ್ಲಿ ಹತ್ತು ಕಿಲೋ' ಎನ್ನುವ ಗಿಡಮೂಲಿಕೆ ಪುಡಿಗಳಿಂದ ದೂರವಿರಿ. ಬೊಜ್ಜು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ 1954ರ ಕಾನೂನಿನ ಪ್ರಕಾರ ನಿಷಿದ್ಧ. ಹೃದಯಕ್ಕೆ ಅಪಾಯವೆಂದು 2011ರಲ್ಲಿ ನಮ್ಮ ದೇಶ ನಿಷೇಧಿಸಿದ ಸಿಬುಟ್ರಮೈನ್ ಇಂಥ ಪುಡಿ-ಮಾತ್ರೆಗಳಲ್ಲಿ ಬೆರೆತು ಸಿಕ್ಕಿಬಿದ್ದದ್ದು ಹಲವು ದೇಶಗಳಲ್ಲಿ ನಡೆದಿದೆ.

ಮನೆಯಲ್ಲಿ ಕುಳಿತು ತೀರ್ಮಾನಿಸಿ

ಹಣ ಎಲ್ಲಿಗೆ ಮೊದಲು ಹೋಗಬೇಕೆಂದು ಮನೆಮಂದಿ ಒಟ್ಟಿಗೆ ಕುಳಿತು ಮಾತಾಡಿ. ಮೊದಲು, ಮನೆಯಲ್ಲಿ ಈಗಾಗಲೇ ಇರುವ ಸಕ್ಕರೆ, ರಕ್ತದೊತ್ತಡದ ಮಾತ್ರೆಗಳು ಒಂದು ದಿನವೂ ತಪ್ಪಬಾರದು. ಎರಡನೆಯದು, ಇಡೀ ಕುಟುಂಬದ ಆಸ್ಪತ್ರೆ ಖರ್ಚಿಗೆ ಕಾರ್ಡು, ಪಾಲಿಸಿ ಅಥವಾ ಉಳಿತಾಯ. ಮೂರನೆಯದು, ವರ್ಷಕ್ಕೊಮ್ಮೆ ನಲವತ್ತು ದಾಟಿದ ಎಲ್ಲರ ಸೊಂಟದ ಅಳತೆ, ಸಕ್ಕರೆ, ರಕ್ತದೊತ್ತಡ. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಿದರೆ ಎಚ್ಚರಗೊಳ್ಳಬೇಕು. ಇವಿಷ್ಟೂ ಆದ ಮೇಲೆ, ತಜ್ಞರು ನೋಡಿ 'ನಿಮ್ಮ ಕಾಯಿಲೆಗೆ ಇದು ಬೇಕು' ಎಂದರೆ, ಎರಡು ಮೂರು ವರ್ಷ ಕೊಡುವ ಶಕ್ತಿ ಇದ್ದರೆ, ಚುಚ್ಚುಮದ್ದನ್ನು ನಿಸ್ಸಂಕೋಚವಾಗಿ ತೆಗೆದುಕೊಳ್ಳಿ. ಜೊತೆಗೆ ಮೀನು, ಮೊಟ್ಟೆ, ಬೇಳೆ ಸಾಕಷ್ಟು ತಿನ್ನಿ, ನಡೆಯಿರಿ. ಇಲ್ಲವಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಿಲ್ಲಿಸಬೇಕೆನಿಸಿದರೆ ವೈದ್ಯರಿಗೆ ಹೇಳಿಯೇ ನಿಲ್ಲಿಸಿ.

ಮಗ ವಿದೇಶದಿಂದ ಕಳುಹಿಸುವ ಹಣದಲ್ಲಿ ಒಬ್ಬರ ತೂಕ ಇಳಿಯುತ್ತಾ, ಅದೇ ಮನೆಯ ವೃದ್ಧ ತಂದೆ ಇನ್ಸುಲಿನ್ ಡೋಸನ್ನು 'ಉಳಿಸಿ' ಹಾಕಿಕೊಳ್ಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ. ಯಾರೂ ಕೆಟ್ಟವರಲ್ಲ, ಲೆಕ್ಕ ಒಟ್ಟಿಗೆ ಹಾಕಿರಲಿಲ್ಲ ಅಷ್ಟೇ. ಈ ತಿಂಗಳು ನಿಮ್ಮ ಮನೆಯ ಔಷಧದ ಚೀಟಿಗಳನ್ನೆಲ್ಲ ಒಂದೇ ಕಡೆ ಇಟ್ಟು, ಪಾಲಿಸಿ ಪುಸ್ತಿಕೆಯನ್ನೂ ರೇಷನ್ ಕಾರ್ಡನ್ನೂ ಪಕ್ಕಕ್ಕಿಟ್ಟು, ಒಮ್ಮೆ ಲೆಕ್ಕ ಹಾಕಿ ನೋಡಿ.